ಹಳೆಯ ಕಾರು: ಎಕ್ಸ್‌ಚೇಂಜಿಗೆ ಕೊಡುವುದೋ, ನಾವೇ ಮಾರುವುದೋ

ಹಳೆಯ ಕಾರನ್ನು ನಾವೇ ಮಾರಿದರೆ ಹಣ ಹೆಚ್ಚು, ಎಕ್ಸ್‌ಚೇಂಜಿಗೆ ಕೊಟ್ಟರೆ ನೆಮ್ಮದಿ ಹೆಚ್ಚು ಎನ್ನುತ್ತಾರೆ. ಎರಡನ್ನೂ ಮಾಡಿ ನೋಡಿದ ಮೇಲೆ ನನಗನ್ನಿಸಿದ್ದು: ಮಾತಿನ ಮೊದಲರ್ಧ ಬಹುಮಟ್ಟಿಗೆ ನಿಜ, ಉಳಿದರ್ಧ ಅಷ್ಟಾಗಿ ಅಲ್ಲ. ನನ್ನ ಮೊದಲ ಕಾರನ್ನು ನೇರವಾಗಿ ಮಾರುವ ಮುಂಚೆ ಶೋರೂಮುಗಳಲ್ಲಿಯೂ ಬೆಲೆ ಕಟ್ಟಿಸಿದ್ದರಿಂದ, ಒಂದೇ ಗಾಡಿಗೆ ಎರಡೂ ದಾರಿಯ ಲೆಕ್ಕ ನನ್ನ ಬಳಿ ಇದೆ. ಗಿರಾಕಿ ಕೊಟ್ಟ ಮೊತ್ತವನ್ನು 100 ಎಂದಿಟ್ಟುಕೊಂಡರೆ ಶೋರೂಮಿನವರು ಹೇಳಿದ್ದು 84. ನಡುವಿನ 16 ಅನ್ನು ಜನ ನಷ್ಟ ಎನ್ನುತ್ತಾರೆ. ನಾನು ಕೂಲಿ ಎನ್ನುತ್ತೇನೆ. ವ್ಯಾಪಾರಿ ಮಾಡಬೇಕಾದ ಕೆಲಸವನ್ನು ನಾವು ಮಾಡಿದರೆ ಅದು ನಮಗೆ, ಅವನಿಗೇ ಬಿಟ್ಟರೆ ಅವನಿಗೆ.

ಶೋರೂಮಿನವರು ಮೊದಲು ಈ ಕಾರು ಮುಂದೆ ಎಷ್ಟಕ್ಕೆ ಹೋದೀತು ಎಂದು ಅಂದಾಜಿಸಿ, ಅಲ್ಲಿಂದ ಕಳೆಯುತ್ತಾ ಬರುತ್ತಾರೆ. ದುರಸ್ತಿಯ ಖರ್ಚು, ಗಾಡಿ ಮಾರಾಟವಾಗುವ ತನಕ ಸಿಕ್ಕಿಬಿದ್ದ ಹಣದ ಬಡ್ಡಿ, ಮುಂದಿನ ಗಿರಾಕಿಗೆ ಕೊಡಬೇಕಾದ ವಾರಂಟಿ, ಕೊನೆಗೆ ಲಾಭ. ತೀರ ಹಳೆಯ ಗಾಡಿಯನ್ನು ತಮ್ಮ ಅಂಗಳದಲ್ಲಿ ನಿಲ್ಲಿಸುವುದೇ ಇಲ್ಲ. ಹರಾಜಿಗೋ ಸಗಟು ವ್ಯಾಪಾರಿಗೋ ದಾಟಿಸುತ್ತಾರೆ. ಹಾಗಾಗಿ ಅಂಥದ್ದಕ್ಕೆ ಸಗಟು ಬೆಲೆಯ ಮೇಲೆ ಒಂದು ಪೈಸೆಯೂ ಹುಟ್ಟುವುದಿಲ್ಲ.

ಬೆಲೆ ಕಟ್ಟುವವರ ಕಣ್ಣು ತಪ್ಪಿಸುವುದು ಸುಲಭವಲ್ಲ. ನನ್ನ ಕಾರಿನ ಬಾಗಿಲಿಗೆ ಬಣ್ಣದ ದಪ್ಪ ಅಳೆಯುವ ಪುಟ್ಟ ಉಪಕರಣವನ್ನು ಒತ್ತಿ ಹಿಡಿದರು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನಿನ ಆಸುಪಾಸಿನಲ್ಲಿರುತ್ತದೆ; ಪುಟ್ಟಿ ಮೆತ್ತಿ ಮತ್ತೆ ಬಣ್ಣ ಬಳಿದ ಕಡೆ ಅಳತೆ ಹಲವು ಪಟ್ಟು ಏರುತ್ತದೆ. ಸ್ಟಿಯರಿಂಗಿನ ಕೆಳಗಿರುವ, ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದಲು ಬಳಸುವ ಒಬಿಡಿ ಎಂಬ ಕಿಂಡಿಗೆ ಸ್ಕ್ಯಾನರ್ ಸಿಕ್ಕಿಸಿದರು. ಎಂಜಿನ್ ದೀಪ ಆರಲೆಂದು ದೋಷದ ಸಂಕೇತಗಳನ್ನು ನಿನ್ನೆಯಷ್ಟೇ ಅಳಿಸಿದ್ದರೆ, ಗಾಡಿಯ ಸ್ವಯಂ ತಪಾಸಣೆ ಇನ್ನೂ ಮುಗಿದಿಲ್ಲ ಎಂದು ಆ ಯಂತ್ರವೇ ಹೇಳಿಬಿಡುತ್ತದೆ. ಟಯರಿನ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿಗಳನ್ನೂ ಓದಿದರು. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟಯರು. ಈ ತಪಾಸಣೆಯ ಬಗ್ಗೆ ನನಗೆ ತಕರಾರಿಲ್ಲ, ನಿಜವಾಗಿ ಮೆಚ್ಚುಗೆಯೇ ಇದೆ.

ತಕರಾರಿರುವುದು ಆಮೇಲಿನ ಮಾತುಕತೆಯ ಬಗ್ಗೆ. ಎಕ್ಸ್‌ಚೇಂಜಿನಲ್ಲಿ ಹೊಸ ಕಾರಿನ ಬೆಲೆ, ಅದರ ಮೇಲಿನ ರಿಯಾಯಿತಿ, ಹಳೆಯ ಕಾರಿನ ಬೆಲೆ, ಎಕ್ಸ್‌ಚೇಂಜ್ ಬೋನಸ್, ಸಾಲದ ಕಂತು ಎಲ್ಲವೂ ಒಂದೇ ಹಾಳೆಯ ಮೇಲೆ ಕಲಸಿಹೋಗುತ್ತವೆ. ಎಡಗೈಯಲ್ಲಿ ಕೊಟ್ಟದ್ದನ್ನು ಬಲಗೈಯಲ್ಲಿ ಹಿಂದಕ್ಕೆ ಪಡೆಯಲು ಇದಕ್ಕಿಂತ ಅನುಕೂಲವಾದ ಹಾಳೆ ಬೇಡ. ಹಳೆಯ ಕಾರಿನ ಸುದ್ದಿಯನ್ನೇ ಎತ್ತದೆ ಹೊಸ ಕಾರಿನ ಕೊನೆಯ ಬೆಲೆಯನ್ನು ಬರೆಸಿಕೊಂಡು, ಆಮೇಲಷ್ಟೇ ಎಕ್ಸ್‌ಚೇಂಜಿನ ಮಾತು ತೆಗೆದೆ. ನನ್ನ ಹಳೆಯ ಕಾರನ್ನು ಎಲ್ಲರಿಗಿಂತ ಹೆಚ್ಚು ಹೊಗಳಿ ಹೆಚ್ಚು ಬೆಲೆ ಕೊಟ್ಟ ಶೋರೂಮಿನಲ್ಲಿ, ಹೊಸದರ ಮೇಲೆ ಮೊದಲು ಒಪ್ಪಿದ್ದ ರಿಯಾಯಿತಿ ಸದ್ದಿಲ್ಲದೆ ಕರಗಿತ್ತು. ಕೇಳಿದರೆ ‘ಆ ರಿಯಾಯಿತಿ ಇರುವುದು ಎಕ್ಸ್‌ಚೇಂಜ್ ಇಲ್ಲದವರಿಗೆ ಸಾರ್’ ಎಂಬ ಉತ್ತರ. ಅಂದಿನಿಂದ ನಾನು ನೋಡುವುದು ಒಂದೇ ಅಂಕಿಯನ್ನು: ಎಲ್ಲ ಕೂಡಿ ಕಳೆದ ಮೇಲೆ ಹಳೆಯ ಕಾರಿನ ಜೊತೆ ನನ್ನ ಕೈಯಿಂದ ಇನ್ನೆಷ್ಟು ಹೋಗುತ್ತದೆ? ಹಳೆಯದಕ್ಕೆ ಎಷ್ಟು ಕೊಟ್ಟರು ಎಂಬುದು ನೆಂಟರ ಮುಂದೆ ಹೇಳಿಕೊಳ್ಳಲು ಚೆಂದ, ಅಷ್ಟೆ.

ತೆರಿಗೆ ಮಾತ್ರ ಕೆಲವೆಡೆ ಎಕ್ಸ್‌ಚೇಂಜಿನ ಪರವಾಗಿ ತೂಗುತ್ತದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಹಳೆಯ ಕಾರಿನ ಬೆಲೆಯನ್ನು ಕಳೆದು ಉಳಿದ ಮೊತ್ತಕ್ಕಷ್ಟೇ ಮಾರಾಟ ತೆರಿಗೆ. ಕ್ಯಾಲಿಫೋರ್ನಿಯಾದಲ್ಲಿ ಆ ಸೌಲಭ್ಯವಿಲ್ಲ. ಅಂಥ ನಿಯಮವಿದ್ದು ತೆರಿಗೆ ಶೇಕಡಾ 8 ಎಂದಾದರೆ, ನನ್ನ 84ರ ಮೇಲೆ ಸುಮಾರು 6.7 ಉಳಿಯುತ್ತದೆ, 16ರ ಅಂತರ 9ರ ಹತ್ತಿರಕ್ಕೆ ಇಳಿಯುತ್ತದೆ. ನಿಮ್ಮಲ್ಲಿ ಯಾವ ನಿಯಮವಿದೆ ಎಂದು ತಿಳಿಯದೆ ಲೆಕ್ಕ ಹಾಕಬೇಡಿ.

ಇನ್ನು ನೇರ ಮಾರಾಟ. ಕಾರು ತೊಳೆಯುವುದು, ಒಳ್ಳೆಯ ಬೆಳಕಿನಲ್ಲಿ ಫೋಟೊ ತೆಗೆಯುವುದು, ಜಾಹೀರಾತು ಬರೆಯುವುದು ಹಗುರದ ಕೆಲಸ. ಜೀವ ತಿನ್ನುವುದು ಫೋನು. ಕಾರಿನ ಮುಖವನ್ನೂ ನೋಡದೆ ‘ಕೊನೆಯ ಬೆಲೆ ಎಷ್ಟು?’ ಎನ್ನುವವರು, ಬರುತ್ತೇನೆಂದು ಹೇಳಿ ಬಾರದವರು, ತಮಗೇ ಬೇಕು ಎನ್ನುತ್ತಲೇ ಮಾತಿನ ನಡುವೆ ದಲ್ಲಾಳಿ ಎಂದು ಗೊತ್ತಾಗುವವರು. ನೋಡದವರಿಗೆ ಬೆಲೆ ಇಳಿಸುವುದಿಲ್ಲ ಎಂದು ಜಾಹೀರಾತಿನಲ್ಲೇ ಬರೆದ ಮೇಲೆ ಕಾಟ ಕಡಿಮೆಯಾಯಿತು, ನಿಲ್ಲಲಿಲ್ಲ.

ಬಂದು ನೋಡುವವರ ಸಮಸ್ಯೆ ಬೇರೆ, ಅದು ಅನುಮಾನ. ಇದು ಅವರ ಕೆಟ್ಟ ಗುಣವಲ್ಲ. 1970ರಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳನ್ನೇ ಉದಾಹರಣೆಯಾಗಿಟ್ಟುಕೊಂಡು ಇದನ್ನು ವಿವರಿಸಿದ್ದರು: ಗಾಡಿಯ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ, ಆದ್ದರಿಂದ ಕೊಳ್ಳುವವನು ಎಲ್ಲ ಗಾಡಿಗಳಲ್ಲೂ ಹುಳುಕಿದೆ ಎಂಬಂತೆ ಬೆಲೆ ಕೇಳುತ್ತಾನೆ, ಒಳ್ಳೆಯ ಗಾಡಿಯವನು ಮಾರುಕಟ್ಟೆಯಿಂದಲೇ ಹಿಂದೆ ಸರಿಯುತ್ತಾನೆ. 2001ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಸಂದಿತು. ನನಗೆ ಇದರಿಂದ ಆದ ಉಪಯೋಗ ತೀರ ಲೌಕಿಕವಾದದ್ದು. ಸರ್ವೀಸಿನ ಬಿಲ್ಲುಗಳನ್ನೆಲ್ಲ ದಿನಾಂಕದ ಪ್ರಕಾರ ಒಂದು ಕಡತದಲ್ಲಿ ಜೋಡಿಸಿದೆ, ಹಿಂದಿನ ಬಂಪರ್ ಬದಲಾಯಿಸಿದ ರಸೀದಿಯನ್ನೂ ಬಚ್ಚಿಡಲಿಲ್ಲ. ನಿಮ್ಮದೇ ಮೆಕ್ಯಾನಿಕ್ ಬಂದು ನೋಡಲಿ ಎಂದೆ. ಆ ಕಡತ ಕೈಗೆ ಹೋದ ಮೇಲೆ ಚೌಕಾಸಿಯ ಸ್ವರವೇ ಬದಲಾಯಿತು. 16ರಲ್ಲಿ ಅರ್ಧವನ್ನಾದರೂ ದುಡಿದುಕೊಟ್ಟದ್ದು ಆ ಬಿಲ್ಲುಗಳು. ಶೋರೂಮಿನಲ್ಲಿ ಅದೇ ಕಡತವನ್ನು ಬಿಚ್ಚಿಯೂ ನೋಡಿರಲಿಲ್ಲ.

ಮಾರುವ ಮುಂಚೆ ದೊಡ್ಡ ರಿಪೇರಿ ಮಾಡಿಸುವುದು ನನ್ನ ಮಟ್ಟಿಗೆ ದಂಡ. ಹಾಕಿದ ಹಣ ಅಷ್ಟಕ್ಕಷ್ಟು ಮರಳುವುದಿಲ್ಲ. ಸುಟ್ಟ ಬಲ್ಬು, ಸವೆದ ವೈಪರು ಬದಲಿಸಿದರೆ ಸಾಕು.

ಹಣ ಕೈ ಬದಲಾಯಿಸುವಾಗ ಮಾತ್ರ ಮೈಯೆಲ್ಲ ಕಣ್ಣಾಗಿರಬೇಕು. ಹಣ ಕಳಿಸಿದ್ದೇನೆ ಎಂಬ ಸಂದೇಶದ ಚಿತ್ರ ಹಣವಲ್ಲ. ಚೆಕ್ಕು ಖಾತೆಯಲ್ಲಿ ಜಮೆಯಾದಂತೆ ಕಂಡು ಆಮೇಲೆ ತಿರಸ್ಕೃತವಾಗುವುದುಂಟು. ಹೇಳಿದ್ದಕ್ಕಿಂತ ಹೆಚ್ಚು ಮೊತ್ತದ ಚೆಕ್ಕು ಕೊಟ್ಟು ಮಿಕ್ಕಿದ್ದನ್ನು ವಾಪಸ್ ಕಳಿಸಿ ಎನ್ನುವುದು ಹಳೆಯ ಮೋಸ. ಗಿರಾಕಿಯನ್ನು ಬ್ಯಾಂಕಿಗೇ ಕರೆದು, ಹಣ ಬಂದದ್ದನ್ನು ಖಚಿತಪಡಿಸಿಕೊಂಡು ಕೀಲಿ ಕೊಟ್ಟೆ. ಟೆಸ್ಟ್ ಡ್ರೈವಿಗೆ ಚಾಲನಾ ಪರವಾನಗಿ ನೋಡದೆ ಯಾರನ್ನೂ ಕೂರಿಸಲಿಲ್ಲ, ಒಬ್ಬರನ್ನೇ ಬಿಡಲೂ ಇಲ್ಲ. ಕೆಲವರಿಗೆ ಇದು ಅವಮಾನವೆನಿಸಿ ಹೊರಟುಹೋದರು, ಹೋಗಲಿ.

ಎರಡನೆಯ ಕಾರನ್ನು ನಾನು ಎಕ್ಸ್‌ಚೇಂಜಿಗೇ ಕೊಟ್ಟೆ. ಅದರ ಮೇಲೆ ಸಾಲ ಉಳಿದಿತ್ತು, ಗೇರ್‌ಬಾಕ್ಸ್ ಆಗಾಗ ಮುನಿಸಿಕೊಳ್ಳುತ್ತಿತ್ತು. ಸಾಲವಿದ್ದ ಗಾಡಿಯನ್ನು ನೇರ ಮಾರುವುದೆಂದರೆ ಬಾಕಿ ತೀರಿಸಿ ಸಾಲ ಕೊಟ್ಟವರ ಒಪ್ಪಿಗೆ ಪತ್ರ ತರುವ ತನಕ ಅಪರಿಚಿತ ಗಿರಾಕಿ ಕಾಯಬೇಕು, ಅವನ ಮುಂಗಡವನ್ನು ನಾವು ಕಾಯಬೇಕು. ಶೋರೂಮಿನವರು ಬಾಕಿಯನ್ನು ತಾವೇ ಕಟ್ಟಿ ಉಳಿದದ್ದನ್ನು ಹೊಸ ಕಾರಿನ ಲೆಕ್ಕಕ್ಕೆ ಹಾಕಿದರು. ಗೇರ್‌ಬಾಕ್ಸಿನ ವಿಷಯ ಹೇಳಿದೆ. ಬೆಲೆ ಇಳಿಯಿತು, ಆದರೆ ಅವರದೇ ವರ್ಕ್‌ಶಾಪು ಇದ್ದುದರಿಂದ ಹೊರಗಿನ ಗಿರಾಕಿ ಬೆದರಿ ಇಳಿಸುವಷ್ಟು ಇಳಿಯಲಿಲ್ಲ. ಇಲ್ಲಿ ಕೂಲಿ ಅವರಿಗೆ ಸಲ್ಲಬೇಕಾದದ್ದೇ. ಕಾಗದಪತ್ರ ಸರಿಯಿರುವ, ಜನ ಹುಡುಕಿಕೊಂಡು ಬರುವ ಮಾದರಿಯ, ಸಾಲವಿಲ್ಲದ ಕಾರಾದರೆ ನಾನು ಈಗಲೂ ನೇರ ಮಾರಾಟಕ್ಕೇ ಹೋಗುತ್ತೇನೆ, ಆದರೆ ಶೋರೂಮಿನ ಬೆಲೆಯನ್ನು ಬರೆಸಿಕೊಂಡ ಮೇಲೆ. ಅದಕ್ಕಿಂತ ಕೆಳಗೆ ಕೇಳುವವರ ಜೊತೆ ಮಾತು ಬೆಳೆಸುವ ಅಗತ್ಯವೇ ಇರುವುದಿಲ್ಲ.

ಎಕ್ಸ್‌ಚೇಂಜಿನ ನೆಮ್ಮದಿಯ ಬಗ್ಗೆ ಅನುಮಾನವಿದೆ ಎಂದೆನಲ್ಲ, ಅದು ಒಡೆತನ ವರ್ಗಾವಣೆಯ ವಿಷಯ. ಶೋರೂಮಿಗೆ ಕೊಟ್ಟ ಕಾರು ಮುಂದಿನ ಗಿರಾಕಿ ಸಿಗುವ ತನಕ ನಮ್ಮ ಹೆಸರಿನಲ್ಲೇ ಉಳಿದಿರಬಹುದು. ಆ ನಡುವೆ ಯಾರೋ ಸಿಗ್ನಲ್ ದಾಟಿದರೆ ದಂಡದ ನೋಟಿಸು ಬರುವುದು ನಮಗೆ. ನೇರ ಮಾರಾಟದಲ್ಲಾದರೆ ಗಿರಾಕಿಯ ಜೊತೆ ನಾವೇ ಹೋಗಿ ಹೆಸರು ಬದಲಿಸುವುದರಿಂದ ಈ ಭಯ ಕಡಿಮೆ. ಯಾರಿಗೇ ಕೊಡಲಿ, ಕಾರು ಕೈಬಿಟ್ಟ ದಿನಾಂಕ, ಗಂಟೆ, ಓಡೋಮೀಟರಿನ ಅಂಕಿ ಬರೆದು ಸಹಿ ಹಾಕಿದ ಪತ್ರ ಪಡೆಯಿರಿ, ನೋಂದಣಿ ಕಚೇರಿಗೂ ವಿಮಾ ಕಂಪನಿಗೂ ತಿಳಿಸಿ. ಕಾರಿನ ಪರದೆಯಲ್ಲಿ ಉಳಿದ ಫೋನ್ ಸಂಖ್ಯೆಗಳನ್ನೂ ಮನೆಯ ವಿಳಾಸವನ್ನೂ ಅಳಿಸಿ. ಅದನ್ನು ಶೋರೂಮಿನವರು ನಿಮ್ಮ ಪರವಾಗಿ ಮಾಡುತ್ತಾರೆಂದು ನಂಬಬೇಡಿ.