ಎಸ್.ಎಸ್. ಪುರಂನ ಲೈಫ್ ಕೋಚ್: ಯಾರು ಹೋಗಬಹುದು, ಯಾರಿಗೆ ಬೇಡ

ಊಟ, ನಿದ್ದೆ, ಕೆಲಸ ಎಲ್ಲ ಎಂದಿನಂತೆ ನಡೀತಿದ್ದು, ಯಾವುದೋ ಒಂದು ನಿರ್ಧಾರ ಮಾತ್ರ ಮುಂದಕ್ಕೆ ಹೋಗ್ತಿಲ್ಲ ಅನ್ನೋರು ಲೈಫ್ ಕೋಚ್‌ಗೆ, ಅಂದ್ರೆ ಪ್ರಶ್ನೆ ಕೇಳ್ತಾ ನಮ್ಮ ನಿರ್ಧಾರ ನಾವೇ ಮಾಡೋ ಹಾಗೆ ಸಹಾಯ ಮಾಡೋರಿಗೆ, ದುಡ್ಡು ಕೊಡಬಹುದು. ರಾತ್ರಿಯೆಲ್ಲ ಕಣ್ಣು ಮುಚ್ಚಲ್ಲ, ಬೆಳಗ್ಗೆ ಏಳೋಕೇ ಮನಸ್ಸಾಗಲ್ಲ ಅನ್ನೋರು ಮೊದಲು ಡಾಕ್ಟರ ಹತ್ತಿರ ಹೋಗಬೇಕು. ತುಮಕೂರಿನ ಎಸ್.ಎಸ್. ಪುರಂನಲ್ಲಿ ಒಬ್ಬ ಕೋಚ್ ಹತ್ತಿರ ಹೋಗಿಬಂದ ಮೇಲೆ ಇಷ್ಟನ್ನ ಧೈರ್ಯವಾಗಿ ಹೇಳ್ತೀನಿ.

ನನ್ನದು ಯಶವಂತಪುರದ ಕಡೆ ಅಕೌಂಟ್ಸ್ ಕೆಲಸ. ದಿನಾ ರೈಲು, ಹೋಗೋಕೆ 60 ಕಿಲೋಮೀಟರ್‌ಗೂ ಹೆಚ್ಚು, ಬರೋಕೆ ಅಷ್ಟೇ. ತುಮಕೂರಿನ ಹತ್ತಿರಾನೇ ಇರೋ ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಕೆಲಸ ಸಿಗೋ ಹಾಗಿತ್ತು, ಆದರೆ ತಿಂಗಳಿಗೆ 11 ಸಾವಿರ ಕಮ್ಮಿ. ಯಜಮಾನರು ‘ನಿನ್ನಿಷ್ಟ’ ಅಂದ್ರು. ಅತ್ತೆ ‘ಮನೆ ಹತ್ತಿರಾನೇ ಇರಮ್ಮ’ ಅಂದ್ರು. ಅಣ್ಣ ‘ಕೈಗೆ ಬರ್ತಿರೋ ಸಂಬಳ ಬಿಡಬೇಡ’ ಅಂದ. ತಲೆ ಕೆಟ್ಟುಹೋಗಿತ್ತು.

ಈ ಕೋಚ್ ಹತ್ತಿರ ಹೋಗೋ ಮೊದಲು ಇನ್ನೊಬ್ಬ ಲೈಫ್ ಕೋಚ್‌ನ ಭಾನುವಾರದ ಒಂದು ಉಚಿತ ಆನ್‌ಲೈನ್ ಕ್ಲಾಸ್‌ಗೆ ಕೂತಿದ್ದೆ. ಕೊನೆಗೆ ‘ಇವತ್ತು ರಾತ್ರಿಯೊಳಗೆ ಸೇರಿದರೆ 30 ಸಾವಿರ, ನಾಳೆಯಿಂದ ಡಬಲ್’ ಅಂತ ಶುರುವಾಯ್ತು. ನಿಮ್ಮ ತರಬೇತಿ ಏನು ಅಂತ ಚಾಟ್‌ನಲ್ಲಿ ಕೇಳಿದೆ, ಉತ್ತರ ಬರಲಿಲ್ಲ. ಹೀಗೆ ಅವಸರ ಮಾಡೋರ ಹತ್ತಿರ ದಯವಿಟ್ಟು ಹೋಗಬೇಡಿ. ನಮ್ಮ ದೇಶದಲ್ಲಿ ಲೈಫ್ ಕೋಚ್ ಅಂತ ಬೋರ್ಡ್ ಹಾಕೋಕೆ ಲೈಸೆನ್ಸ್ ಬೇಕಿಲ್ಲ, ಯಾರು ಬೇಕಾದರೂ ಹಾಕಬಹುದು. ಹಾಗಾಗಿ ನಾವೇ ಕೇಳಿ ತಿಳ್ಕೋಬೇಕು.

ಎಸ್.ಎಸ್. ಪುರಂನ ಮೇಡಂ ನಾನು ಕೇಳೋ ಮೊದಲೇ ಸರ್ಟಿಫಿಕೇಟ್ ತೋರಿಸಿದ್ರು. ಐಸಿಎಫ್ (ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್) ಅಂತ 1995ರಲ್ಲಿ ಶುರುವಾದ, ಕೋಚ್‌ಗಳಿಗೆ ಸರ್ಟಿಫಿಕೇಟ್ ಕೊಡೋ ಅಂತರರಾಷ್ಟ್ರೀಯ ಸಂಸ್ಥೆ ಇದೆ. ಅದರ ಮೊದಲ ಹಂತದ ಸರ್ಟಿಫಿಕೇಟ್ ಎಸಿಸಿ (ಅಸೋಸಿಯೇಟ್ ಸರ್ಟಿಫೈಡ್ ಕೋಚ್) ಸಿಗಬೇಕಾದರೇ 60 ಗಂಟೆ ತರಬೇತಿ ಆಗಿರಬೇಕು, 100 ಗಂಟೆ ಕೋಚಿಂಗ್ ಮಾಡಿರಬೇಕು. ಇವರದ್ದು ಆ ಹಂತ. ಒಂದು ಗಂಟೆಗೆ 1,500 ರೂಪಾಯಿ, ರಸೀದಿ ಕೊಡ್ತಾರೆ. ಮೊದಲ ಸಲ ಫೋನಲ್ಲಿ ಅರ್ಧ ಗಂಟೆ ಮಾತಾಡಿದ್ದಕ್ಕೆ ದುಡ್ಡು ತಗೊಳ್ಳಲಿಲ್ಲ, ಪ್ಯಾಕೇಜ್ ಮಾತೇ ಎತ್ತಲಿಲ್ಲ.

ಕೂತು ಏನು ಮಾಡ್ತಾರೆ ಅಂತ ಎಲ್ಲರೂ ಕೇಳ್ತಾರೆ. ಒಂದು ಉದಾಹರಣೆ ಹೇಳ್ತೀನಿ.

‘ಈಗಿನ ಕೆಲಸಕ್ಕೆ ಹತ್ತಕ್ಕೆ ಎಷ್ಟು ಕೊಡ್ತೀರಾ?’

‘ನಾಲ್ಕು.’

‘ಎರಡು ಯಾಕೆ ಕೊಡಲಿಲ್ಲ?’

ಎಂಟು ಯಾಕಲ್ಲ ಅಂತ ಕೇಳ್ತಾರೇನೋ ಅಂದ್ಕೊಂಡಿದ್ದೆ. ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದೆ. ಜಿಎಸ್‌ಟಿ ಫೈಲಿಂಗ್ ನನ್ನ ಕೈಯಲ್ಲಿದೆ, ಇಬ್ಬರು ಹುಡುಗೀರಿಗೆ ನಾನೇ ಕಲಿಸಿದ್ದೀನಿ, ಮ್ಯಾನೇಜರ್ ನನ್ನ ಮಾತು ತೆಗೆದುಹಾಕಲ್ಲ. ಹೇಳ್ತಾ ಹೇಳ್ತಾ ಗೊತ್ತಾಯ್ತು, ನನಗೆ ಸಾಕಾಗಿದ್ದು ಕೆಲಸ ಅಲ್ಲ, ಓಡಾಟ. ಮೇಡಂ ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನನ್ನ ಕಡೆ ತಿರುಗಿಸಿದ್ರು. ಹೀಗೆ ಮಾಡಿ ಅಂತ ಒಂದು ಮಾತೂ ಹೇಳಲಿಲ್ಲ. ಇರೋ ದಾರಿಗಳು ಯಾವುವು, ಮೊದಲು ಯಾರ ಹತ್ತಿರ ಮಾತಾಡ್ತೀರಾ, ಯಾವತ್ತು, ಅಷ್ಟೇ. ಮುಂದಿನ ವಾರ ಮ್ಯಾನೇಜರ್‌ನ ಕೇಳಿದೆ. ಈಗ ವಾರಕ್ಕೆ ಎರಡು ದಿನ ಮನೆಯಿಂದಲೇ ಕೆಲಸ. ತಿಂಗಳ ಕೊನೆಯಲ್ಲಿ ಮಾತ್ರ ಪೂರ್ತಿ ಆಫೀಸು.

ಇಷ್ಟ ಆಗದ್ದೂ ಇವೆ. ಕೊಡೋ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿವೆ, ಕನ್ನಡದಲ್ಲಿ ಮಾಡಿಸಲೇಬೇಕು. ದಿನಾ ಕೃತಜ್ಞತೆಯ ಡೈರಿ ಬರೀರಿ ಅನ್ನೋದು ನಾಲ್ಕೂವರೆಗೆ ಏಳೋ ಹೆಂಗಸಿಗೆ ಇನ್ನೊಂದು ಕೆಲಸ ಅಷ್ಟೇ. ವಿಡಿಯೋ ಕಾಲ್‌ನಲ್ಲಿ ಎದುರು ಕೂತಷ್ಟು ಮಾತು ಬರಲ್ಲ.

ನನಗೆ ಅವರ ಮೇಲೆ ನಂಬಿಕೆ ಗಟ್ಟಿಯಾಗಿದ್ದು ಬೇರೆ ವಿಷಯಕ್ಕೆ. ಗುಬ್ಬಿ ಕಡೆ ಇರೋ ನಮ್ಮ ಚಿಕ್ಕಮ್ಮನ ಮಗ ಹೆಂಡತಿ ತೀರಿಕೊಂಡ ಮೇಲೆ ತೋಟದ ಕಡೆ ತಲೆ ಹಾಕಿರಲಿಲ್ಲ. ಅವನನ್ನೂ ಕರ್ಕೊಂಡು ಬರ್ಲಾ ಅಂದೆ. ನಿದ್ದೆ ಮಾಡ್ತಾರಾ, ಊಟ ಸೇರುತ್ತಾ, ಸಾಯೋ ಮಾತು ಆಡಿದ್ದಾರಾ ಅಂತ ಕೇಳಿದ್ರು. ‘ಇದು ನನ್ನ ಕೆಲಸ ಅಲ್ಲ ಮೇಡಂ, ತಡ ಮಾಡಬೇಡಿ’ ಅಂದು 14416 ನಂಬರ್ ಬರೆದುಕೊಟ್ರು. ಅದು ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಇರೋ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, 2022ರ ಅಕ್ಟೋಬರ್‌ನಿಂದ ಇದೆ, ಉಚಿತ, ರಾತ್ರಿ-ಹಗಲು ಕನ್ನಡದಲ್ಲೇ ಮಾತಾಡಬಹುದು. ಆಮೇಲೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿದ್ವಿ. ಮಾತ್ರೆ ನಡೀತಿದೆ. ಮೊನ್ನೆ ಅವನೇ ಫೋನ್ ಮಾಡಿ, ಈ ಸಲ ಅಡಿಕೆ ಕೊಯ್ಲಿಗೆ ಆಳು ಸಿಗ್ತಿಲ್ಲ ಅಂತ ಹೇಳ್ಕೊಂಡ.

ಬಂದ ಗಿರಾಕಿಯನ್ನ ಹೀಗೆ ಸರಿಯಾದ ಕಡೆ ಕಳಿಸೋರು ಅಪರೂಪ. ಹೋಗೋದಾದರೆ ಸಂಜೆ ಆರರ ಮೇಲಿನ ಟೈಮ್ ವಾರ ಮುಂಚೆ ಹೇಳಿಡಿ, ಭಾನುವಾರ ರಜಾ. ಎರಡನೇ ಮಹಡಿ, ಲಿಫ್ಟ್ ಇಲ್ಲ. ಮಂಡಿನೋವು ಇರೋರು ಮೊದಲೇ ಹೇಳಿದರೆ ಕೆಳಗಿನ ರೂಮಿನಲ್ಲೇ ಕೂತು ಮಾತಾಡ್ತಾರೆ.