ಯಾಶಿಕಾ ಮ್ಯಾಟ್ 124ಜಿ: ಆರು ವರ್ಷ ಕುತ್ತಿಗೆಗೆ ನೇತಾಕ್ಕೊಂಡು ಓಡಾಡಿದ ಮೇಲೆ

ಮೊದಲೇ ಹೇಳ್ಬಿಡ್ತೀನಿ, ಟ್ರೈಪಾಡ್ ಹೊರೋ ಜಾತಿ ನಂದಲ್ಲ. ಮೀಡಿಯಂ ಫಾರ್ಮ್ಯಾಟ್ (ದೊಡ್ಡ ಫಿಲ್ಮ್ ಹಾಕೋ ಕ್ಯಾಮೆರಾ) ಅಂದ್ರೆ ಟ್ರೈಪಾಡ್ ಇಲ್ದೆ ಆಗಲ್ಲ ಅಂತ ಎಲ್ರೂ ಹೆದರಿಸಿದ್ರು, ಆದ್ರೂ ಈ ಫಿಲ್ಮ್ ಕ್ಯಾಮೆರಾ ಸೆಕೆಂಡ್‌ಹ್ಯಾಂಡಲ್ಲಿ ಸಿಕ್ತು ಅಂತ ತಗೊಂಡೆ, ಹಂಪಿ, ಆಗುಂಬೆ, ಶಿರಸಿ ಜಾತ್ರೆ ಎಲ್ಲಾ ಕಡೆ ಕೈಯಲ್ಲೇ ಹಿಡ್ಕೊಂಡು ತೆಗ್ದಿದೀನಿ.

1970ರಿಂದ 1986ರವರೆಗೆ ತಯಾರಾಗಿದ್ದ ಎರಡು ಕಣ್ಣಿನ ಕ್ಯಾಮೆರಾ ಇದು. ಮೇಲಿನ ಲೆನ್ಸ್ ನೋಡಕ್ಕೆ, ಕೆಳಗಿನ 80 ಎಂಎಂ ಎಫ್3.5 ಯಾಶಿನಾನ್ ಫೋಟೋಗೆ. ತೂಕ ಒಂದು ಕೆಜಿ ಚಿಲ್ಲರೆ. ಎಸ್‌ಎಲ್‌ಆರ್ ಥರ ಕನ್ನಡಿ ಎದ್ದು ಬಡಿಯಲ್ಲ, ಲೆನ್ಸ್ ಒಳಗಿರೋ ಲೀಫ್ ಶಟರ್ 'ಟಿಕ್' ಅನ್ನುತ್ತೆ ಅಷ್ಟೆ, ಅದೇ ಇದರ ಅಸಲಿ ಶಕ್ತಿ. ಸ್ಟ್ರಾಪ್ ಬಿಗಿಯಾಗೋ ಹಾಗೆ ಕ್ಯಾಮೆರಾನ ಕೆಳಕ್ಕೆ ಎಳೆದು, ಹೊಟ್ಟೆಗೆ ಒತ್ಕೊಂಡು, ಉಸಿರು ಬಿಟ್ಟು ನಿಧಾನಕ್ಕೆ ಒತ್ತಿದ್ರೆ 1/30 ಸೆಕೆಂಡಲ್ಲೂ ಹತ್ತಕ್ಕೆ ಏಳೆಂಟು ಶಾರ್ಪಾಗೇ ಬರ್ತವೆ. 1/15 ಅಂದ್ರೆ ಕಂಬಕ್ಕೆ ಒರಗಿ ದೇವರ ಮೇಲೆ ಭಾರ ಹಾಕ್ಬೇಕು.

ಕ್ಯಾಮೆರಾ ಮೇಲಿರೋ ಗಾಜಲ್ಲಿ ತಲೆ ಬಗ್ಗಿಸಿ ನೋಡೋದ್ರಿಂದ ಜನಕ್ಕೆ ನಾವು ಫೋಟೋ ತೆಗೀತಿದೀವಿ ಅಂತಾನೇ ಅನ್ಸಲ್ಲ. ಶಿರಸೀಲಿ ಒಬ್ಬ ಅಜ್ಜಿ "ಎಂತ ತಮಾ, ಡಬ್ಬಿ ಒಳಗೆ ಎಂತ ನೋಡ್ತಾ ಇದ್ದೆ?" ಅಂದ್ರು, ಬಗ್ಗಿಸಿ ತೋರಿಸಿದೆ, ಗಾಜಿನ ಮೇಲೆ ಇಡೀ ಪೇಟೆ ಓಡಾಡ್ತಿರೋದು ನೋಡಿ ಪಕ್ಕದ ಮನೆಯವರನ್ನೆಲ್ಲಾ ಕರೆದ್ರು. ಆ ರೋಲಲ್ಲಿ ಅವರದ್ದೇ ನಾಲ್ಕು ಫೋಟೋ, ಇರೋದೇ ಹನ್ನೆರಡು!

ಆದ್ರೆ ಆ ಗಾಜಲ್ಲಿ ಎಡ ಬಲ ಅದಲು ಬದಲು. ತೇರು ಎಡಕ್ಕೆ ಹೋದ್ರೆ ನಾನು ಬಲಕ್ಕೆ ತಿರುಗೋದು, ಅಭ್ಯಾಸ ಆಗಕ್ಕೆ ಒಂದು ವರ್ಷ ಹಿಡೀತು. ಈಗ ತೇರಿಗೆ ಗಾಜು ನೋಡೋದೇ ಇಲ್ಲ, ಗಾಜಿನ ಸುತ್ತ ಇರೋ ಹುಡ್‌ನ ಮುಂದಿನ ತಗಡು ಒಳಗೆ ಮಡಚಿದ್ರೆ ನೇರವಾಗಿ ಕಣ್ಣಿಟ್ಟು ನೋಡೋ ಕಿಂಡಿ ಆಗುತ್ತೆ, ಫೋಕಸ್ ಐದು ಮೀಟರ್‌ಗೆ, ಅಪರ್ಚರ್ (ಬೆಳಕು ಬರೋ ತೂತು) ಎಫ್11ಗೆ ಇಟ್ರೆ ಮೂರೂವರೆಯಿಂದ ಒಂಬತ್ತು ಮೀಟರ್‌ವರೆಗೆ ಇರೋದೆಲ್ಲಾ ಸರಿಯಾಗಿ ಬರುತ್ತೆ. ಹತ್ರದಿಂದ ತೆಗೆಯೋವಾಗ ತಲೆ ಮೇಲೆ ಸ್ವಲ್ಪ ಜಾಗ ಬಿಡಿ, ಕೆಳಗಿನ ಲೆನ್ಸ್‌ಗೆ ಕಾಣೋದು ಇನ್ನೂ ಕೆಳಗೆ, ನಮ್ಮ ಅತ್ತೆ ಫೋಟೋಲಿ ಮುಡಿದ ಹೂವೇ ಕಟ್ ಆಗಿತ್ತು.

ಬೆಳಕು ಅಳೆಯೋ ಮೀಟರ್ ನಂಬಲ್ಲ ನಾನು. ಅದು 1.35 ವೋಲ್ಟಿನ ಮರ್ಕ್ಯುರಿ ಬ್ಯಾಟರಿಗೆ ಮಾಡಿದ್ದು, ಆ ಬ್ಯಾಟರಿ ಈಗ ಬರ್ತಿಲ್ಲ, 1.5 ವೋಲ್ಟಿಂದು ಹಾಕಿದ್ರೆ ಲೆಕ್ಕ ತಪ್ಪುತ್ತೆ. ಎಚ್‌ಪಿ5 (400 ಐಎಸ್‌ಒ ಕಪ್ಪು ಬಿಳುಪು ಫಿಲ್ಮ್) ಹಾಕಿ, ಬಿಸಿಲಲ್ಲಿ ಎಫ್16, 1/500. ಶಟರ್ ಅದಕ್ಕಿಂತ ವೇಗವಾಗಿ ಹೋಗಲ್ಲ, ಹಾಗಾಗಿ ಹಂಪಿ ಮಧ್ಯಾಹ್ನದಲ್ಲಿ ಅಪರ್ಚರ್ ದೊಡ್ಡದಾಗಿ ತೆರೆದು ಬ್ಯಾಕ್‌ಗ್ರೌಂಡ್ ಬ್ಲರ್ ಮಾಡ್ಬೇಕು ಅಂದ್ರೆ 100 ಐಎಸ್‌ಒ ಫಿಲ್ಮ್ ಹಾಕೋದೇ ವಾಸಿ, ಅದ್ರಲ್ಲೂ ನೆರಳು ಹುಡುಕ್ಬೇಕು.

ಫೀಲ್ಡಲ್ಲಿ ನಿಜವಾದ ಕಷ್ಟ ರೋಲ್ ಬದಲಾಯಿಸೋದು. ಆಗುಂಬೆ ಮಳೇಲಿ ಛತ್ರಿ ಕಂಕುಳಲ್ಲಿ ಸಿಕ್ಕಿಸ್ಕೊಂಡು ಆತುರಕ್ಕೆ ಸುತ್ತಿದ ರೋಲ್ ಸಡಿಲ ಆಯ್ತು, ಅಂಚಿಗೆಲ್ಲಾ ಬೆಳಕು ನುಗ್ಗಿ ಅರ್ಧ ಫ್ರೇಮ್ ಹಾಳು, ತಪ್ಪು ನಂದೇ. ಈಗ ಜೇಬಲ್ಲಿ ರಬ್ಬರ್ ಬ್ಯಾಂಡ್ ಇರುತ್ತೆ, ಅಂಟು ಪಟ್ಟಿ ನೆಕ್ಕಿ ಅಂಟಿಸಿದ ಮೇಲೂ ಒಂದು ಸುತ್ತು ಹಾಕ್ತೀನಿ.

ತಗೊಳ್ಳೋರು ಲೆನ್ಸ್ ಒಳಗೆ ಟಾರ್ಚ್ ಬಿಟ್ಟು ಫಂಗಸ್ ನೋಡಿ, 1 ಸೆಕೆಂಡ್ ಸ್ಪೀಡಲ್ಲಿ ಶಟರ್ ಅರ್ಧಕ್ಕೇ ನಿಲ್ಲುತ್ತಾ ನೋಡಿ. ಮೀಟರ್ ಕೆಲಸ ಮಾಡುತ್ತೆ ಅಂತ ಹೇಳಿ ಜಾಸ್ತಿ ದುಡ್ಡು ಕೇಳಿದ್ರೆ ಮಾತ್ರ ಕೊಡಬೇಡಿ.