ಟೊಮೆಟೊ ಪೇಸ್ಟ್, ಕೆಚಪ್, ಹಸಿ ಟೊಮೆಟೊ, ಪುನರ್ಪುಳಿ: ನನ್ನ ಮೈಗೆ ಯಾವುದು ಒಗ್ಗಿತು

ಹಿಸ್ಟಮಿನ್ (ಕೆಲವು ಆಹಾರಗಳಲ್ಲಿರುವ, ಮೈ ತುರಿಕೆ, ತಲೆನೋವು ತರಬಲ್ಲ ರಾಸಾಯನಿಕ) ಮೈಗೆ ಒಗ್ಗದವರು ಟೊಮೆಟೊ ಮುಟ್ಟಬಾರದು ಅಂತ ಹೇಳುವವರು ಬಹಳ. ಯಾವ ರೂಪದಲ್ಲಿ, ಎಷ್ಟು ಅಂತ ಹೇಳುವವರು ಕಡಿಮೆ. ಹಾಗಾಗಿ ಡಯಟೀಷಿಯನ್‌ರನ್ನು ಕೇಳಿಕೊಂಡು ಒಂದೊಂದನ್ನೇ ಬೇರೆ ಬೇರೆ ದಿನ ತಿಂದು ನೋಡಿದೆ. ಜೊತೆಗೆ ನೀರುದೋಸೆ ಮಾತ್ರ, ಅದರ ಹಿಟ್ಟು ಹುಳಿ ಬರಿಸುವುದಿಲ್ಲವಲ್ಲ. ಬಂಗುಡೆ, ಬೂತಾಯಿ ಆ ದಿನಗಳಲ್ಲಿ ಮನೆಗೇ ತರಲಿಲ್ಲ. ಐಸಿನಲ್ಲಿ ಸರಿಯಾಗಿ ಇಡದ ಈ ಮೀನುಗಳಲ್ಲಿ ಹಿಸ್ಟಮಿನ್ ಬೇಗ ಏರುತ್ತದೆ.

ಪೇಸ್ಟ್ ನನಗೆ ಆಗಲೇ ಇಲ್ಲ. ಒಂದು ಚಮಚ ಹಾಕಿದ ಗ್ರೇವಿ ತಿಂದು ಸ್ವಲ್ಪ ಹೊತ್ತಿಗೆ ಕಿವಿ, ಕೆನ್ನೆ ಬಿಸಿಯಾಗಿ ಕೆಂಪೇರಿತು, ಮೂಗು ಕಟ್ಟಿತು. ಲೆಕ್ಕ ಹಾಕಿದರೆ ಅರ್ಥವಾಗುತ್ತದೆ. ಹಸಿ ಟೊಮೆಟೊದಲ್ಲಿ ಶೇ. 95ರಷ್ಟು ನೀರೇ. ಪೇಸ್ಟ್ ಅನ್ನಿಸಿಕೊಳ್ಳಲು ಕರಗಿದ ಘನಾಂಶ ಶೇ. 24 ಆದರೂ ಇರಬೇಕು. ಅಂದರೆ ಒಂದು ಚಮಚದೊಳಗೆ ಐದು ಚಮಚ ಹಣ್ಣು ಕೂತಿದೆ. ನೀರು ಆವಿಯಾಗುತ್ತದೆ, ಹಿಸ್ಟಮಿನ್ ಉಳಿಯುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವಂಥದ್ದಲ್ಲ.

ಕೆಚಪ್ ತಟ್ಟೆಯ ಅಂಚಿನಲ್ಲಿ ಅರ್ಧ ಚಮಚ ಇದ್ದರೆ ತಡೆದುಕೊಂಡೆ, ಅದಕ್ಕಿಂತ ಹೆಚ್ಚಾದರೆ ತಲೆನೋವು. ಆದರೆ ಗೋಬಿ ಮಂಚೂರಿ ತಿಂದು ಇದನ್ನು ಅಳೆಯಬೇಡಿ. ಅದರಲ್ಲಿ ಹುದುಗಿಸಿದ ಸೋಯಾ ಸಾಸ್ ಬೀಳುತ್ತದೆ, ದೋಷ ಯಾವುದರದ್ದೆಂದು ಗೊತ್ತಾಗುವುದಿಲ್ಲ.

ಉರ್ವ ಮಾರ್ಕೆಟಿನಿಂದ ತಂದ ಗಟ್ಟಿ ಹಣ್ಣನ್ನು ಆಗಲೇ ಹೆಚ್ಚಿ, ನಾಲ್ಕು ಜನರ ಸಾರಿಗೆ ಒಂದೇ ಹಾಕಿದರೆ ನನಗೆ ಏನೂ ಆಗಲಿಲ್ಲ. ಎರಡು ಹಾಕಿದಾಗ ಮೈ ತುರಿಸಿತು. ಮಿತಿ ಅಷ್ಟೇ.

ನನ್ನ ಮಟ್ಟಿಗೆ ಗೆದ್ದಿದ್ದು ಪುನರ್ಪುಳಿ, ಅಂದರೆ ಕೋಕಂ. ಒಣ ಸಿಪ್ಪೆಯನ್ನು ಬಿಸಿ ನೀರಲ್ಲಿ ನೆನೆಸಿದರೆ ನೀರು ಕಡು ನೇರಳೆಗೆಂಪಿಗೆ ತಿರುಗುತ್ತದೆ. ಅದಕ್ಕೆ ಉಪ್ಪು, ಬೆಲ್ಲ, ಸಿಗಿದ ಹಸಿಮೆಣಸು, ತೆಂಗಿನೆಣ್ಣೆಯಲ್ಲಿ ಜೀರಿಗೆ ಒಗ್ಗರಣೆ. ಎರಡು ಲೋಟ ಕುಡಿದರೂ ಮೂಗು ಕಟ್ಟಲಿಲ್ಲ. ಕೊರತೆ ಒಂದೇ, ಪೇಸ್ಟ್ ಕೊಡುವ ಮಂದ ಇದರಿಂದ ಬರುವುದಿಲ್ಲ. ಗಸಿಗೆ ಆ ಚಿಂತೆಯಿಲ್ಲ, ಬ್ಯಾಡಗಿ ಮೆಣಸಿನ ಜೊತೆ ಅರೆದ ತೆಂಗಿನಕಾಯಿಯೇ ಬಣ್ಣವನ್ನೂ ಮಂದವನ್ನೂ ಕೊಡುತ್ತದೆ. ಪನೀರ್ ಗ್ರೇವಿಗೆ ಬೇಯಿಸಿದ ಸಿಹಿಗುಂಬಳ ಅರೆದು ಹಾಕಿದೆ, ಮಕ್ಕಳೂ ತಿಂದರು.

ಹಿಸ್ಟಮಿನ್ ಒಡೆಯುವ ಡಿಎಒ ಕಿಣ್ವ ಎಲ್ಲರಲ್ಲೂ ಒಂದೇ ಅಳತೆಯಲ್ಲಿರುವುದಿಲ್ಲ. ನನ್ನ ಒಂದು ಹಣ್ಣು ನಿಮಗೆ ಅರ್ಧವಾಗಬಹುದು, ಮೂರೂ ಆಗಬಹುದು. ಉಸಿರು ಕಟ್ಟಿದರೆ, ತುಟಿ ಊದಿದರೆ ಮಾತ್ರ ಮನೆಯಲ್ಲಿ ಪರೀಕ್ಷೆ ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.